ಕೌದಿ ಬಿಡುವಿನ ಕೆಲಸವಲ್ಲ

"ಹೊತ್ತ ಹೋಗ್ಲಿ ಅಂತ ಕೌದಿ ಹೊಲೀತಾಳ್ರಿ." ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮನೆಗಳಲ್ಲಿ ಕೌದಿಯ ಮಾತು ತೆಗೆದರೆ ಗಂಡಸರ ಬಾಯಿಂದ ಮೊದಲು ಬರುವ ಮಾತು ಇದು. ಹೇಳುವ ದನಿಯಲ್ಲಿ ತಾತ್ಸಾರವಿರುವುದಿಲ್ಲ, ಅಕ್ಕರೆಯೇ ಇರುತ್ತದೆ. ಇದೇ ಮಾತು ಪೇಟೆ ಸೇರಿದಾಗ ‘ಬಿಡುವಿನ ವೇಳೆಯ ಹವ್ಯಾಸ’ವಾಗುತ್ತದೆ. ಪತ್ರಿಕೆಯ ಮಹಿಳಾ ಪುರವಣಿಯಲ್ಲಿ ಅಜ್ಜಿಯ ಮಮತೆಯಾಗುತ್ತದೆ. ಪ್ರದರ್ಶನದ ಮಳಿಗೆಯಲ್ಲಿ ನಿಂತು ಚೌಕಾಸಿ ಮಾಡುವವರ ಬಾಯಲ್ಲಿ ‘ಮನ್ಯಾಗ ಕೂತು ಹೊಲಿದದ್ದಲ್ಲೇನ, ಅದಕ್ಕ್ಯಾಕ ಇಷ್ಟ ರೊಕ್ಕ?’ ಆಗುತ್ತದೆ. ಈಚೆಗೆ ಇದಕ್ಕೆ ಇನ್ನೊಂದು ವೇಷ ಬಂದಿದೆ. ದಿನಕ್ಕೆ ಅರ್ಧ ತಾಸು ತೆಗೆದಿಡಿ, ತಪ್ಪದೆ ಕೂರಿ, ಎಷ್ಟೇ ದೊಡ್ಡ ಹೊಲಿಗೆಯಾದರೂ ಮುಗಿದೇ ಮುಗಿಯುತ್ತದೆ ಎಂಬ ಶಿಸ್ತಿನ ಉಪದೇಶ ಅದು.

ಈ ಎಲ್ಲ ಮಾತುಗಳ ಅಡಿಯಲ್ಲಿ ಒಂದೇ ನಂಬಿಕೆ ಇದೆ. ಹೆಂಗಸಿನ ದಿನದಲ್ಲಿ ಒಂದಷ್ಟು ಹೊತ್ತು ತಾನಾಗಿ ಉಳಿಯುತ್ತದೆ, ಉಳಿದ ಆ ಹೊತ್ತಿನಲ್ಲಿ ಕೌದಿ ಬೆಳೆಯುತ್ತದೆ ಎಂಬುದು. ಆದ್ದರಿಂದ ಕೌದಿ ಮುಗಿದರೆ ಅದಕ್ಕೆ ಬೆಲೆ ಕಟ್ಟಬೇಕಾಗಿಲ್ಲ. ಮುಗಿಯದೆ ಗಂಟಿನಲ್ಲಿ ಉಳಿದರೆ ತಪ್ಪು ಅವಳದು, ಅವಳಿಗೆ ನೇಮವಿಲ್ಲ. ನಮ್ಮ ಸೀಮೆಯಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ, ಇಷ್ಟು ಪೂರ್ತಿಯಾಗಿ ಸುಳ್ಳಾದ ನಂಬಿಕೆಗಳು ಕಡಿಮೆ. ಕೌದಿ ಬಿಡುವಿನಿಂದ ಮುಂದೆ ಸಾಗುವುದಿಲ್ಲ. ನೆಲ, ಬೆಳಕು, ಬಟ್ಟೆ ಮತ್ತು ಇನ್ನೊಬ್ಬರ ಕೈ ಈ ನಾಲ್ಕು ಕೂಡಿದಾಗ ಸಾಗುತ್ತದೆ, ಇವುಗಳಲ್ಲಿ ಒಂದು ತಪ್ಪಿದರೂ ನಿಲ್ಲುತ್ತದೆ. ನಿಂತದ್ದಕ್ಕೆ ಹೊಲಿಯುವವಳ ಮನಸ್ಸನ್ನು ದೂರುವುದು ಅನ್ಯಾಯ.

ಮೊದಲು ಕೆಲಸ ಎಷ್ಟೆಂದು ನೋಡಬೇಕು. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಸಾಧಾರಣ ಕೌದಿಯೊಂದನ್ನು ತೆಗೆದುಕೊಳ್ಳಿ. ಹೊಲಿಗೆಯ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳಿನ ಅಂತರ, ಅಂದರೆ ಮುಕ್ಕಾಲು ಇಂಚು ಬಿಟ್ಟರೆ 72 ಸಾಲು ಬರುತ್ತವೆ. ಸಾಲಿಗೆ ಆರು ಅಡಿಯಂತೆ ಒಟ್ಟು 432 ಅಡಿ ಹೊಲಿಗೆ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿದರೂ ಉದ್ದ ಹೆಚ್ಚುಕಡಿಮೆ ಅಷ್ಟೇ. ಇಂಚಿಗೆ ನಾಲ್ಕೇ ಹೊಲಿಗೆ ಎಂದು ಹಿಡಿದರೂ ಇಪ್ಪತ್ತು ಸಾವಿರಕ್ಕೆ ಮೇಲೆ ಹೊಲಿಗೆಗಳಾಗುತ್ತವೆ. ನಾಲ್ಕೈದು ಪದರ ದಾಟಿ ಸೂಜಿ ಮೇಲೆ ಬರಬೇಕು, ಕೆಳಗಿನ ಬಟ್ಟೆ ಸುಕ್ಕುಗಟ್ಟದಂತೆ ಎಡಗೈ ಸವರುತ್ತಲೇ ಇರಬೇಕು. ಅಡಿಗೆ ನಾಲ್ಕು ನಿಮಿಷ ಎಂದಿಟ್ಟುಕೊಂಡರೆ ಬರಿಯ ಹೊಲಿಗೆಗೇ ಸುಮಾರು 29 ತಾಸು ಬೇಕು. ಎಂಟು ತಾಸಿನ ಕೂಲಿಯ ಲೆಕ್ಕದಲ್ಲಿ ಇದು ಮೂರೂವರೆ ದಿನಕ್ಕೂ ಹೆಚ್ಚು. ಕಿರುಬೆರಳಿನಷ್ಟು ಹತ್ತಿರ ಸಾಲು ಹಾಕುವ ಕೈಯಾದರೆ ಲೆಕ್ಕ ಇನ್ನೂ ಏರುತ್ತದೆ.

ಇದು ಕೊನೆಯ ಘಟ್ಟದ ಲೆಕ್ಕ ಮಾತ್ರ. ಅದರ ಹಿಂದಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಹರಿದ ಇಳಕಲ್ ಸೀರೆಯನ್ನು ಅಂಚು ಬೇರೆ, ಒಡಲು ಬೇರೆ, ಸೆರಗು ಬೇರೆ ಮಾಡಬೇಕು. ಧೋತರದಲ್ಲಿ ಗಟ್ಟಿ ಭಾಗ ಯಾವುದು, ಜಾಳು ಯಾವುದು ಎಂದು ಬೆಳಕಿಗೆ ಹಿಡಿದು ನೋಡಬೇಕು. ಮಕ್ಕಳ ಅಂಗಿಯ ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಪಟ್ಟಿ ತೆಗೆಯಬೇಕು. ಎಲ್ಲವನ್ನೂ ತೊಳೆದು ಬಿಸಿಲಿಗೆ ಹಾಕಬೇಕು. ಗಂಜಿ ಉಳಿದ ಬಟ್ಟೆಯಲ್ಲಿ ಸೂಜಿ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಪದರಕ್ಕೆ ಬಣ್ಣ ಹೊಂದಿಸಬೇಕು, ಅಸ್ತರಕ್ಕೆ ಗಟ್ಟಿ ಸೀರೆ ಬೇಕು, ನಡುವಿನ ತುಂಬುವ ಬಟ್ಟೆ ಎಲ್ಲ ಕಡೆ ಸಮನಾಗಿ ಕೂರಬೇಕು. ಹೊದ್ದವರ ಹೆಗಲಿಗೆ ಬರುವ ಕಡೆ ಎಷ್ಟು ದಪ್ಪ, ಬಾಣಂತಿಯ ಮಗುವಿಗೆ ಹಾಸುವುದಾದರೆ ಒಳಗೆ ಎಂಥ ಬಟ್ಟೆ ಎಂಬ ತೀರ್ಮಾನಗಳೆಲ್ಲ ಸೂಜಿ ಹಿಡಿಯುವ ಮೊದಲೇ ಆಗಬೇಕು. ಒಂದು ಕೌದಿಗೆ ಸಾಕಾಗುವಷ್ಟು ಒಳ್ಳೆಯ ನೂಲಿನ ಬಟ್ಟೆ ಕೂಡಲು ವರ್ಷಗಳು ಹಿಡಿಯುವುದೂ ಉಂಟು. ಟ್ರಂಕಿನ ತಳದಲ್ಲಿ ಗಂಟು ಕಟ್ಟಿಟ್ಟ ಬಟ್ಟೆ ಸುಮ್ಮನೆ ಬಿದ್ದಿದೆ ಎಂದು ಹೊರಗಿನವರಿಗೆ ತೋರುತ್ತದೆ. ಅವಳ ತಲೆಯಲ್ಲಿ ಆ ಕೌದಿಯ ಮುಕ್ಕಾಲು ಭಾಗ ಆಗಲೇ ಹಾಸಿರುತ್ತದೆ, ಯಾವ ತುಂಡು ಇನ್ನೂ ಬರಬೇಕು ಎಂಬುದೂ ಗೊತ್ತಿರುತ್ತದೆ.

ಇನ್ನು ಇದನ್ನೆಲ್ಲ ಹಾಸುವ ನೆಲದ ಮಾತು, ಅದಕ್ಕಾಗಿ ಕುಂಭಾರಿಗೆ ಬರೋಣ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯ ಈ ಊರಿನ ಹೆಸರು ಇಂದು ದೇಶಕ್ಕೇ ಗೊತ್ತಾಗಿರುವುದು ಮನೆಗಳಿಂದ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಇಲ್ಲಿ ಎದ್ದ, ಗೋದಾವರಿ ಪರುಳೇಕರ್ ಅವರ ಹೆಸರಿನ 10,000 ಮನೆಗಳ ವಸತಿಯನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಹಸ್ತಾಂತರಿಸಿದರು. ಆಮೇಲೆ ಬೀಡಿ, ಕೈಮಗ್ಗ, ವಿದ್ಯುತ್ ಮಗ್ಗ, ಚಿಂದಿ ಆಯುವುದು ಮುಂತಾದ ಅಸಂಘಟಿತ ಕೆಲಸದವರಿಗಾಗಿ 30,000 ಮನೆಗಳ ರೇನಗರ ಯೋಜನೆ ಬಂತು. ಅದರ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ತೆಲುಗು, ಮರಾಠಿ, ಕನ್ನಡ ಮೂರೂ ಕಿವಿಗೆ ಬೀಳುವ ಜಾಗ. ತಲೆಯ ಮೇಲೆ ಸ್ವಂತ ಸೂರು ಬೇಕೆಂದು ನರಸಯ್ಯ ಆಡಮ್ ಅವರಂಥ ಕಾರ್ಮಿಕ ನಾಯಕರ ಜೊತೆ ಬೀದಿಗಿಳಿದು ಹೋರಾಡಿ ಆ ಹೆಣ್ಣುಮಕ್ಕಳು ಪಡೆದ ಮನೆಗಳಿವು. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ, ಮುಂದೆ ಹೇಳುವ ಮಾತು ಅದನ್ನು ಕಿರಿದು ಮಾಡಲು ಅಲ್ಲ.

ರೇನಗರದ ಒಂದು ಮನೆ ಸುಮಾರು 300 ಚದರ ಅಡಿ. ಮೇಲೆ ಹೇಳಿದ ಕೌದಿಯನ್ನು ಹಾಸಿ, ನಾಲ್ಕು ಮಗ್ಗುಲಿಗೂ ಕೂತು ಹೊಲಿಯಲು ಎರಡೆರಡು ಅಡಿ ಜಾಗ ಬಿಟ್ಟರೆ 85 ಚದರ ಅಡಿ ಬೇಕು. ಅಂದರೆ ಅಡಿಗೆ ಜಾಗ, ಬಚ್ಚಲು, ಮಂಚ, ಕಪಾಟು ಎಲ್ಲ ಸೇರಿದ ಮನೆಯ ಕಾಲುಭಾಗಕ್ಕೂ ಹೆಚ್ಚು. ಹಳೆಯ ಹಳ್ಳಿಮನೆಯ ಪಡಸಾಲೆಯಲ್ಲಿ ಕೌದಿ ಹಾಸಿದರೆ ನಾಲ್ಕು ದಿನ ಹಾಸಿಯೇ ಇರಬಹುದಿತ್ತು. ಬಂದವರು ಬದಿಗೆ ಸರಿದು ನಡೆಯುತ್ತಿದ್ದರು, ನೆರೆಮನೆಯವಳು ಬಂದು ಕೂತರೆ ಅವಳೂ ಒಂದು ಸೂಜಿ ತೆಗೆದುಕೊಳ್ಳುತ್ತಿದ್ದಳು. ಒಂದೇ ಕೋಣೆಯ ಮನೆಯಲ್ಲಿ ಮುಂಜಾನೆ ಹಾಸಿದ್ದನ್ನು ಮಧ್ಯಾಹ್ನದ ಊಟಕ್ಕೆ ಮಡಚಬೇಕು. ಪದರಗಳನ್ನು ಹಿಡಿದಿಡುವ ಕಚ್ಚಾ ಹೊಲಿಗೆ ಪೂರ್ತಿ ಬೀಳುವ ಮೊದಲೇ ಮಡಚಿದರೆ ಒಳಪದರ ಜರುಗುತ್ತದೆ, ಮತ್ತೆ ಹಾಸಿದಾಗ ಗಂಟುಗಂಟಾಗಿರುತ್ತದೆ, ಬಿಚ್ಚಿ ಮೊದಲಿನಿಂದ ಹಾಸಬೇಕು. ಇಂಥ ಮನೆಯಲ್ಲಿ ಕೌದಿ ಅರ್ಧಕ್ಕೆ ನಿಂತರೆ ಹೇಳಿ, ಸೋಮಾರಿತನ ಯಾರದು? ಅವಳಿಗೆ ಬೇಕಾದ್ದು ಗಡಿಯಾರದ ಶಿಸ್ತಲ್ಲ, ಮೂರು ದಿನ ಯಾರೂ ಎಬ್ಬಿಸದ ಹತ್ತು ಅಡಿ ನೆಲ.

ಬಟ್ಟೆಯ ಮಾತೂ ಹೀಗೆಯೇ. 1877ರಲ್ಲಿ ಶುರುವಾದ ಸೊಲ್ಲಾಪುರದ ಹಳೆಯ ಗಿರಣಿಯಿಂದ ಹಿಡಿದು ಇಂದಿನ ಚಾದರ, ಟವೆಲಿನ ಮಗ್ಗಗಳವರೆಗೆ ಈ ನಗರ ನೂಲಿನ ಮೇಲೇ ನಿಂತಿದೆ. ಆದರೂ ಇದರ ಸುತ್ತಲಿನ ಊರುಗಳಲ್ಲಿ ಹಳೆಯ ನೂಲಿನ ಸೀರೆ ಸಿಗುವುದು ಕಷ್ಟವಾಗಿದೆ. ಮನೆಮನೆಯಲ್ಲೂ ಪಾಲಿಯೆಸ್ಟರ್ ಸೀರೆ. ಅದು ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಹೊದ್ದರೆ ಮೈಗೆ ಅಂಟುತ್ತದೆ, ಒಲೆಯ ಕಿಡಿ ಸಿಡಿದರೆ ಕರಗುತ್ತದೆ. ಟೀ ಶರ್ಟಿನ ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ. ಇಂಥ ಬಟ್ಟೆಯಲ್ಲಿ ಸಮನಾದ ಕೌದಿ ಹೊಲಿಯಲು ಹೆಚ್ಚು ಕಚ್ಚಾ ಹೊಲಿಗೆ, ಹೆಚ್ಚು ತಾಳ್ಮೆ, ಹೆಚ್ಚು ಹೊತ್ತು ಬೇಕು. ನೂಲಿನ ಬಟ್ಟೆಯ ಕಾಲದ ಅಜ್ಜಿಯ ಚುರುಕನ್ನು ತೋರಿಸಿ ಇಂದಿನ ಸೊಸೆಯನ್ನು ಹಂಗಿಸುವವರು ಇಬ್ಬರ ಕೈಗೂ ಸಿಕ್ಕ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಇನ್ನು ಬಿಡುವು. ಬೇಸಿಗೆಯಲ್ಲಿ ಹೆಂಗಸರಿಗೆ ಕೆಲಸವಿರುವುದಿಲ್ಲ, ಅದಕ್ಕೇ ಆಗ ಕೌದಿ ಹೊಲಿಯುತ್ತಾರೆ ಎನ್ನುತ್ತಾರೆ. ನಮ್ಮದು ಹಿಂಗಾರಿ ಜೋಳದ ಸೀಮೆ. ಕೊಯ್ಲು, ರಾಶಿ ಮುಗಿಯುವಷ್ಟರಲ್ಲಿ ಮಾರ್ಚ್. ಅಲ್ಲಿಂದ ಮಳೆ ಬೀಳುವವರೆಗೆ ಹಪ್ಪಳ, ಸಂಡಿಗೆ, ಶಾವಿಗೆ, ವರ್ಷದ ಖಾರ, ಕಾಳು ಹಸನು ಮಾಡಿ ಇಡುವುದು, ಮದುವೆಗಳು, ತವರಿಗೆ ಬರುವ ಹೆಣ್ಣುಮಕ್ಕಳ ಉಪಚಾರ, ಜೊತೆಗೆ ನೀರಿನ ಟ್ಯಾಂಕರು ಯಾವಾಗ ಬರುತ್ತದೋ ಎಂದು ಕೊಡ ಇಟ್ಟು ಕಾಯುವುದು. ಇದರಲ್ಲಿ ಬಿಡುವೆಲ್ಲಿದೆ? ಬೇಸಿಗೆಯಲ್ಲಿ ಕೌದಿ ಹೊಲಿಯುವುದಕ್ಕೆ ಕಾರಣ ಬೇರೆ. ತೊಳೆದ ಬಟ್ಟೆ ಒಣಗುತ್ತದೆ, ಹಗಲು ಉದ್ದ, ಅಂಗಳ ಹಾಸಲು ಸಿಗುತ್ತದೆ. ಇದು ಬಿತ್ತನೆಗೆ ಹದ ನೋಡಿದಂತೆ ಹದ ನೋಡಿ ಹಿಡಿಯುವ ಕೆಲಸ. ರೈತ ಹದ ಕಾದರೆ ಅದನ್ನು ಜಾಣ್ಮೆ ಎನ್ನುತ್ತೇವೆ, ಅವನ ಹೆಂಡತಿ ಕಾದರೆ ಅವಳಿಗೆ ಬೇರೆ ಕೆಲಸವಿರಲಿಲ್ಲ ಎನ್ನುತ್ತೇವೆ.

ದೇಶದ ಅಂಕಿಗಳೂ ಈ ಬಿಡುವಿನ ಕತೆಯನ್ನು ಒಪ್ಪುವುದಿಲ್ಲ. 2019ರಲ್ಲಿ ಭಾರತ ಸರ್ಕಾರ ಮೊದಲ ಬಾರಿಗೆ ಇಡೀ ದೇಶದಲ್ಲಿ ಜನರ ದಿನದ ಹೊತ್ತು ಹೇಗೆ ಹಂಚಿಹೋಗುತ್ತದೆ ಎಂಬ ಸಮೀಕ್ಷೆ ಮಾಡಿತು. ಕೂಲಿ ಇಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಆ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ಆಯಿತು, ಗಂಡಸರದು 88ಕ್ಕೆ ಇಳಿಯಿತು. ಆ ಸಮೀಕ್ಷೆ ದಿನವನ್ನು ಅರ್ಧರ್ಧ ತಾಸಿನ ತುಂಡು ಮಾಡಿ ಕೇಳುತ್ತದೆ, ಒಂದು ತುಂಡಿನಲ್ಲಿ ಹಲವು ಕೆಲಸಗಳಿದ್ದರೆ ಹತ್ತು ನಿಮಿಷಕ್ಕಾದರೂ ಮುಟ್ಟಿದ್ದನ್ನು ಬರೆದುಕೊಳ್ಳುತ್ತದೆ. ಕೌದಿಯ ಬಹುಪಾಲು ಹೊಲಿಗೆ ಬೀಳುವುದು ಹತ್ತು ನಿಮಿಷಕ್ಕಿಂತ ಸಣ್ಣ ಸಂದುಗಳಲ್ಲಿ. ಒಲೆಯ ಮೇಲೆ ಬ್ಯಾಳಿ ಕುದಿಯುವಾಗ, ನಳದ ಕೆಳಗೆ ಕೊಡ ತುಂಬುವಾಗ, ಮಗು ತೊಟ್ಟಿಲಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ. ಆ ಹೊಲಿಗೆಗಳು ಎಣಿಸಲೆಂದೇ ಮನೆಗೆ ಬಂದವರ ಪುಸ್ತಕದಿಂದಲೂ ಜಾರಿಹೋಗುತ್ತವೆ.

ಇದರಿಂದಲೇ ಶಿಸ್ತಿನ ಉಪದೇಶ ಎಷ್ಟು ಟೊಳ್ಳೆಂದು ತಿಳಿಯುತ್ತದೆ. ‘ದಿನಾ ಒಂದೇ ಹೊತ್ತಿಗೆ ಅರ್ಧ ತಾಸು’ ಎನ್ನುವವರು ಯಾರೂ ಕರೆಯದ, ಯಾರೂ ಎಬ್ಬಿಸದ ಅರ್ಧ ತಾಸು ಇರುವವರು. ಬಾಗಿಲು ಮುಚ್ಚಿ ಕೂರಲು ಬೇರೆ ಕೋಣೆ ಇರುವವರು, ಮೇಜಿನ ಮೇಲೆ ಹರಡಿದ ಬಟ್ಟೆ ನಾಳೆಯವರೆಗೆ ಹಾಗೇ ಇರುತ್ತದೆ ಎಂಬ ಭರವಸೆ ಇರುವವರು. ಅವರಿಗೆ ಅದು ಒಳ್ಳೆಯ ಸಲಹೆಯೇ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊಮ್ಮಗನ ಜ್ವರ, ಸೊಸೆಯ ಹೆರಿಗೆ, ಎಮ್ಮೆಯ ಕರು, ಮಾವನ ಔಷಧ ಎಲ್ಲಕ್ಕೂ ಒಂದೇ ಕೂಗಿಗೆ ಏಳಬೇಕಾದವಳ ಮೇಲೆ ಆ ಸಲಹೆಯನ್ನು ಹೇರಿದರೆ ಅವಳ ಪಾಲಿಗೆ ಅದು ಹೊಸದೊಂದು ಅಪರಾಧದ ಪಟ್ಟಿ. ಅವಳು ಎರಡು ದಿನ ಕೂರುತ್ತಾಳೆ, ಮೂರನೆಯ ದಿನ ಕೂರಲಾಗುವುದಿಲ್ಲ, ತನ್ನಲ್ಲೇ ಏನೋ ಕೊರತೆ ಎಂದುಕೊಂಡು ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತಾಳೆ. ಹೀಗೆ ಅಟ್ಟ ಸೇರಿದ ಕೌದಿಗಳಿಗೆ ಈ ಉಪದೇಶವೂ ಹೊಣೆ.

ಅವಳಿಗೆ ಉಪದೇಶದ ಅಗತ್ಯವೂ ಇಲ್ಲ. ಕಡಿಯುತ್ತಾ ಸಾಗುವ ಕೆಲಸವನ್ನು ಕೆಡದಂತೆ ನಡೆಸುವ ವಿದ್ಯೆಯನ್ನು ಕೌದಿ ಹೊಲಿಯುವವರು ಯಾವ ಪುಸ್ತಕಕ್ಕೂ ಮೊದಲೇ ಕಟ್ಟಿಕೊಂಡಿದ್ದಾರೆ. ಹಾಸುವುದು ಮತ್ತು ಕಚ್ಚಾ ಹೊಲಿಗೆಗೆ ನಾಲ್ಕು ಜನ ಬೇಕು, ಇಡೀ ದಿನ ಬೇಕು. ಅದನ್ನು ಒಬ್ಬಳೇ ಸಂದುಗೊಂದಿಯಲ್ಲಿ ಮಾಡಲಾಗದು ಎಂದು ಅವರಿಗೆ ಗೊತ್ತು, ಅದಕ್ಕೇ ಓಣಿಯವರನ್ನು ಕರೆದು ಒಂದೇ ಬೀಸಿಗೆ ಮುಗಿಸುತ್ತಾರೆ. ‘ವೈನೀ, ನಾಳಿ ಕೌದಿ ಹಾಸಾಕ ಬರ್ರಿ’ ಎಂಬ ಕರೆಗೆ ಆಗಿನ ಓಣಿಯಲ್ಲಿ ಮದುವೆಯ ಕರೆಯಷ್ಟೇ ತೂಕವಿತ್ತು, ಬಂದವಳ ಮನೆಯ ಕೌದಿಗೆ ಇವಳೂ ಹೋಗಬೇಕಿತ್ತು. ಕಚ್ಚಾ ಹೊಲಿಗೆ ಬಿದ್ದ ಮೇಲೆ ಮಾತ್ರ ಕೆಲಸ ಒಬ್ಬಳ ಮಡಿಲಿಗೆ ಬರುತ್ತದೆ. ಆಗ ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಹೋದರೆ ಯಾವ ಹೊತ್ತಿಗೆ ಎದ್ದರೂ ಹೊರಗಿನದು ಭದ್ರವಾಗಿರುತ್ತದೆ. ಏಳಬೇಕಾದಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿ, ನಿಂತ ಸಾಲು ಮೇಲೆ ಬರುವಂತೆ ಮಡಚಿಟ್ಟರೆ ಮತ್ತೆ ಕೂತಾಗ ಹುಡುಕುವ ಕೆಲಸವಿಲ್ಲ. ಕಣ್ಣು ಮಂಜಾದ ಆಯಿಗೆ ಶಾಲೆಯಿಂದ ಬಂದ ಮೊಮ್ಮಗಳು ನಾಲ್ಕೈದು ಸೂಜಿಗೆ ದಾರ ಪೋಣಿಸಿ ದಿಂಡಿಗೆ ಚುಚ್ಚಿಟ್ಟಳೆಂದರೆ ಮರುದಿನ ಯಾರ ಹಂಗೂ ಇಲ್ಲ. ಹೀಗೆ ನಿಂತರೂ ಕೆಡದಂತೆ, ಹಿಡಿದರೆ ಕೂಡಲೇ ಮುಂದುವರಿಯುವಂತೆ ಯೋಚಿಸಿ ಕಟ್ಟಿದ ಕೆಲಸವನ್ನು ಹೊತ್ತು ಕಳೆಯುವುದು ಎನ್ನಲು ನಾಲಿಗೆ ಹೇಗೆ ಏಳುತ್ತದೆ?

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿಯಲ್ಲೂ ಇದೇ ಕ್ರಮ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿಗಳು ಒಂದು ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ‘ಫೂಲ’ ಎಂಬ ಮಡಚಿದ ತುಂಡುಗಳನ್ನು ಕೂಡಿಸುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಬೆಂಬಲದಲ್ಲಿ 2004ರಲ್ಲಿ ಅಲ್ಲೊಂದು ಹೊಲಿಗೆಯ ಸಹಕಾರಿ ಕೂಟ ಕಟ್ಟಲಾಯಿತು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಆ ಕವಂದಿಗಳ ಪ್ರದರ್ಶನ ನಡೆಯಿತು. ದೂರದ ಗೋಡೆಯ ಮೇಲೆ ತೂಗಿದಾಗ ಅದು ಕಲೆ, ಹೊಲಿದವಳ ಮನೆಯಲ್ಲಿ ಹಾಸಿದಾಗ ಚಿಂದಿ. ಅದೇ ಬಟ್ಟೆ, ಅದೇ ಹೊಲಿಗೆ. ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಬೆಲೆ ನಿಲ್ಲುವುದಾದರೆ ಹೊಲಿದವಳ ಪಾಲು ಯಾವತ್ತೂ ಕೊನೆಯದೇ.

ಸೊಲ್ಲಾಪುರದಲ್ಲಿ ಹುಟ್ಟಿ, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ಸಂಸಾರದೊಳಗಿದ್ದೇ ಮಾಡಿದ ಆ ದೀರ್ಘ ಕೆಲಸವನ್ನು ಯಾರೂ ಬಿಡುವಿನ ಬರಹ ಎನ್ನಲಿಲ್ಲ, ಎನ್ನಬಾರದು ಕೂಡ. ಅವರ ಊರಿನ ಸುತ್ತ ಅದೇ ಕಾಲದಲ್ಲಿ ಸೂಜಿ ಹಿಡಿದು ದೀರ್ಘ ಕೆಲಸ ನಡೆಸಿದವರಿಗೆ ಆ ಗೌರವದ ಒಂದಂಶವೂ ದೊರೆಯಲಿಲ್ಲ ಎಂಬುದಷ್ಟೇ ನನ್ನ ಸಂಕಟ.

ಮನೆಯೊಳಗೆ ಕೂತು ಮಾಡಿದ್ದು ಕೆಲಸವೇ ಅಲ್ಲ ಎನ್ನುವವರಿಗೆ ಕುಂಭಾರಿಯ ಬೀಡಿ ಕಟ್ಟುವವರು ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ. ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಕಟ್ಟುವವಳೂ ತನ್ನ ಮನೆಯ ಹೊಸ್ತಿಲೊಳಗೇ ಕೂತಿರುತ್ತಾಳೆ. ಅವಳದೂ ಒಂದು ಕಾಲಕ್ಕೆ ‘ಮನ್ಯಾಗ ಕೂತು ನಾಲ್ಕ ರೊಕ್ಕ’ ಎನಿಸಿಕೊಂಡಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು, 1976ರಲ್ಲಿ ಕಲ್ಯಾಣ ನಿಧಿಯ ಕಾಯಿದೆ ಬಂತು. ಕಾರ್ಡು, ಭವಿಷ್ಯ ನಿಧಿ, ಮಕ್ಕಳ ವಿದ್ಯಾರ್ಥಿವೇತನ, ಕೊನೆಗೆ ಇದೇ ಕುಂಭಾರಿಯ ಮನೆಗಳು, ಇವೆಲ್ಲ ಬಂದದ್ದು ತಾನು ಕೆಲಸಗಾರಳೆಂಬ ಆ ಹಕ್ಕಿನ ಬೆನ್ನಿಗೆ. ಅದೇ ಮನೆಯಲ್ಲಿ ಬೀಡಿಯ ಮೊರ ಬದಿಗಿಟ್ಟು ಕೌದಿ ಎತ್ತಿಕೊಂಡ ಕ್ಷಣ ಅದೇ ಹೆಂಗಸು, ಅದೇ ಬೆರಳು, ಅದೇ ಬೆನ್ನುನೋವು ಎಲ್ಲ ಲೆಕ್ಕದಿಂದ ಹೊರಗೆ ಬೀಳುತ್ತವೆ. ಊರಿಗೆ ಕೆಮ್ಮು ತರುವ ವಸ್ತುವಿಗೆ ಸಾವಿರಕ್ಕಿಷ್ಟು ಎಂಬ ದರವಿದೆ. ಚಳಿಗೆ ಹೊದೆಯುವ, ಮಗುವನ್ನು ಮಲಗಿಸುವ ವಸ್ತುವಿಗೆ ದರವೇ ಇಲ್ಲ.

ದೇಶಗಳ ಉತ್ಪನ್ನ ಎಣಿಸುವ ಅಂತರರಾಷ್ಟ್ರೀಯ ಪದ್ಧತಿ ಕೂಡ ಮನೆಬಳಕೆಗೆ ಮಾಡಿಕೊಂಡ ವಸ್ತುಗಳನ್ನು ಉತ್ಪಾದನೆಯ ಒಳಗೇ ಸೇರಿಸುತ್ತದೆ. ಅಡಿಗೆ, ಕಸಗುಡಿಸುವುದನ್ನು ಅದು ಹೊರಗಿಟ್ಟಿದೆ, ಅದರ ಜಗಳ ಬೇರೆ. ಆದರೆ ಮನೆಮಂದಿಗಾಗಿ ಬಟ್ಟೆ ನೇಯುವುದು, ಹೊಲಿಯುವುದು ಒಳಗಿದೆ. 2013ರಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ಸ್ವಂತ ಬಳಕೆಗೆ ಮಾಡುವ ಉತ್ಪಾದನೆಯನ್ನು ಸ್ಪಷ್ಟವಾಗಿ ಕೆಲಸವೆಂದೇ ಹೆಸರಿಸಿತು. ಮನೆಯಲ್ಲಿ ಕೂತು ದುಡಿಯುವವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ 1996ರಿಂದ ಇದೆ, ಭಾರತ ಅದಕ್ಕೆ ಇನ್ನೂ ಅನುಮೋದನೆ ಕೊಟ್ಟಿಲ್ಲ. ಜಗತ್ತಿನ ಲೆಕ್ಕಿಗರು ಒಪ್ಪಿದ ಮಾತನ್ನು ಒಪ್ಪದೆ ಕೂತಿರುವುದು ನಮ್ಮ ಪಡಸಾಲೆಗಳು.

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಅದನ್ನು ಹೇಳುವವರು ಒಳ್ಳೆಯ ಮನಸ್ಸಿನವರೇ. ಕೌದಿಯಲ್ಲಿ ತಾಯಿಯ ಪ್ರೀತಿ ಇದೆ, ಅದನ್ನು ಅಡಿ, ತಾಸು, ರೂಪಾಯಿಗೆ ಅಳೆದರೆ ಆ ಪ್ರೀತಿ ಸತ್ತುಹೋಗುತ್ತದೆ ಎಂದು. ಪ್ರೀತಿ ಇದೆ, ಅದನ್ನು ಅಲ್ಲಗಳೆಯಲು ನಾನು ಕಲ್ಲಾಗಬೇಕು. ಆದರೆ ಪ್ರೀತಿಯ ಹೆಸರು ಹೇಳಿ ಲೆಕ್ಕ ತಪ್ಪಿಸುವುದು ಯಾವಾಗಲೂ ಒಬ್ಬರ ಕೆಲಸದಲ್ಲಿ ಮಾತ್ರ ಏಕೆ? ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಕರಿಯರ ಹಳ್ಳಿಯಿದೆ. ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಹಳೆಯ ಕೆಲಸದ ಬಟ್ಟೆಗಳಿಂದ ಮಕ್ಕಳ ಚಳಿಗಾಗಿ ಕೌದಿ ಹೊಲಿಯುತ್ತಿದ್ದರು. 1966ರಲ್ಲಿ ಆ ಸುತ್ತಲಿನ ಹೆಂಗಸರು ‘ಫ್ರೀಡಮ್ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಕಟ್ಟಿ ತಮ್ಮ ಹೊಲಿಗೆಗೆ ಕೂಲಿ ಪಡೆದರು. ಮತದ ಹಕ್ಕು ಕೇಳಿದ್ದಕ್ಕೆ ಜಮೀನಿನಿಂದ ಹೊರಹಾಕಿಸಿಕೊಂಡವರಿಗೆ ಆ ಹಣ ಆಸರೆಯಾಯಿತು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆ ಏರಿದವು. ಕೂಲಿ ಪಡೆದದ್ದರಿಂದ ಅವರ ಹೊಲಿಗೆಯ ಪ್ರೀತಿ ಕಡಿಮೆಯಾಯಿತೆಂದು ಆ ಕೌದಿಗಳನ್ನು ನೋಡಿದ ಯಾರೂ ಹೇಳಲಾರರು.

ಹಾಗೆಂದು ಬೀಡಿಯ ದರಪಟ್ಟಿಯನ್ನು ತಂದು ಕೌದಿಗೆ ಅಂಟಿಸಿ ಎನ್ನುತ್ತಿಲ್ಲ. ಸಾವಿರದ ಲೆಕ್ಕ ಹೆಂಗಸನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಬೀಡಿ ಓಣಿಗಳು ಕಂಡಿವೆ. ಆಕಾರ ಸರಿಯಿಲ್ಲವೆಂದು ಬದಿಗೆ ತೆಗೆದ ಬೀಡಿಗೆ ಕೂಲಿಯಿಲ್ಲ, ಎಲೆ ಕಡಿಮೆ ಬಿದ್ದರೆ ಅವಳೇ ತುಂಬಬೇಕು. ಅಳತೆಗೋಲು ಕೊಳ್ಳುವವನ ಕೈಯಲ್ಲಿರುವ ತನಕ ಎಣಿಕೆಯೂ ಒಂದು ಹಗ್ಗ. ಕೌದಿಯ ಲೆಕ್ಕವನ್ನು ಹೊಲಿಯುವವರೇ ಇಟ್ಟುಕೊಳ್ಳಬೇಕು. ಬಟ್ಟೆ ಕೂಡಿಸಿ ತೊಳೆದು ಕತ್ತರಿಸಿದ್ದಕ್ಕೆ ಇಷ್ಟು, ಹಾಸಿ ಕಚ್ಚಾ ಹೊಲಿಗೆ ಹಾಕಿದ ನಾಲ್ವರ ದಿನಗೂಲಿ ಇಷ್ಟು, ಪಕ್ಕಾ ಹೊಲಿಗೆ ಅಡಿಗಿಷ್ಟು ಎಂದು ಮೂರು ಸಾಲು ಬರೆದಿಟ್ಟರೂ ಸಾಕು. ಮಳಿಗೆಯಲ್ಲಿ ಚೌಕಾಸಿಗೆ ನಿಂತವರಿಗೆ ಆ ಚೀಟಿ ತೋರಿಸಬಹುದು. ಊರೂರು ತಿರುಗಿ ಕೌದಿ ಹೊಲಿದುಕೊಡುವ ಅಲೆಮಾರಿ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಅವರಿಗೆ ಕಾಳು, ಹಳೆ ಸೀರೆ, ಒಂದಿಷ್ಟು ಚಿಲ್ಲರೆ ಕೊಟ್ಟು ‘ಖುಷಿ ಮಾಡಿ ಕಳಿಸಿದ್ವಿ’ ಎಂದುಕೊಳ್ಳುವ ಮನೆಗಳು ಈಗಲೂ ಇವೆ. ಮೂರೂವರೆ ದಿನದ ಹೊಲಿಗೆಗೆ ಆ ಚಿಲ್ಲರೆ ಹೇಗೆ ಸಾಟಿ?

ಕೌದಿಯನ್ನು ‘ಮುಗಿಸುವ’ ಗೀಳನ್ನೂ ನಾವು ಬಿಡಬೇಕು. ನವರಾತ್ರಿಯ ಘಟ ಕೂಡಿಸುವ ಮೊದಲು ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊರಬೀಳುತ್ತದೆ. ತೋಯ್ದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರೆ. ಒಣಗಿದ ಮೇಲೆ ಎಲ್ಲಿ ದಾರ ಸವೆದಿದೆ, ಯಾವ ತುಂಡು ಬಾಯಿ ಬಿಟ್ಟಿದೆ ಎಂದು ನೋಡಿ ಮತ್ತೆ ಸೂಜಿ ತೆಗೆಯುತ್ತಾರೆ. ಪೂರ್ತಿ ಸವೆದ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ, ಅತ್ತೆ ಹೊಲಿದ ಸಾಲುಗಳು ಸೊಸೆಯ ಸಾಲುಗಳ ಕೆಳಗೆ ಹಾಗೇ ಇರುತ್ತವೆ. ಇಂಥ ಕೆಲಸಕ್ಕೆ ಒಂದು ತಾರೀಕು ಗೊತ್ತು ಮಾಡಿ, ಆ ದಿನಕ್ಕೆ ಮುಗಿಯದಿದ್ದರೆ ಸೋಲು ಎನ್ನುವುದು ಕೆಲಸದ ಸ್ವಭಾವವನ್ನೇ ತಿಳಿಯದ ಮಾತು. ಮಾರಾಟದ ಕೌದಿಗೆ ಗಡುವು ಬೇಕು, ಒಪ್ಪುತ್ತೇನೆ. ಗಡುವು ಕೇಳುವವರು ಹಾಸುವ ದಿನವೇ ಅರ್ಧ ಹಣ ಕೊಡಲಿ.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇನೆ. ಸಾವಿರಗಟ್ಟಲೆ ಮನೆ ಕಟ್ಟುವಾಗ ಐವತ್ತು ಮನೆಗೆ ಒಂದರಂತೆ ಗಾಳಿ ಬೆಳಕಿರುವ ಒಂದು ಉದ್ದನೆಯ ಪಡಸಾಲೆ ಕಟ್ಟಲಿ, ಹಾಸಿದ ಕೌದಿ ನಾಲ್ಕು ದಿನ ಹಾಸಿಯೇ ಇರಲು ಅಲ್ಲಿ ಜಾಗವಿರಲಿ. ಕುಂಭಾರಿಯಲ್ಲಿ ಮುಂದಿನ ಮನೆಗಳು ಏಳುವಾಗ ಈ ಬೇಡಿಕೆಯೂ ನೀರು, ಶಾಲೆ, ಬಸ್ಸಿನ ಬೇಡಿಕೆಗಳ ಜೊತೆಗೇ ಇರಬೇಕು. ಸೊಲ್ಲಾಪುರದ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗಳಲ್ಲಿ ಕತ್ತರಿಯ ಕೆಳಗೆ ಬೀಳುವ ನೂಲಿನ ಚೂರನ್ನು ತೂಕದ ಬೆಲೆಗೆ ಬಚತ್ ಗಟದವರಿಗೆ, ಅಂದರೆ ಹೆಂಗಸರ ಸ್ವಸಹಾಯ ಸಂಘದವರಿಗೆ ಕೊಡಲಿ. ಮನೆಯ ಗಂಡಸರಿಗೆ ಕೇಳುವುದು ಇನ್ನೂ ಸಣ್ಣದು. ಕೌದಿ ಹಾಸುವ ದಿನ ಓಣಿಯ ನಾಲ್ಕು ಹೆಂಗಸರು ನಿಮ್ಮ ಮನೆಗೆ ಬರುತ್ತಾರೆ, ಅವತ್ತಿನ ನೀರು ನೀವು ತನ್ನಿ, ರೊಟ್ಟಿ ನೀವು ಬಡಿಯಿರಿ, ಬಂದವರಿಗೆ ಚಹಾ ನೀವು ಕಾಸಿರಿ, ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ. ಬಡಿಯಲು ಬಾರದಿದ್ದರೆ ಹಿಂದಿನ ದಿನವೇ ಕಲಿತುಕೊಳ್ಳಿ.